ಅಭಿಮಾನಿಯ ಪಟ್ಟಿಯಲ್ಲಿ ಶರೀಫರು

ರಾಕ್ ಸಂಗೀತದ ಅಭಿಮಾನಿಗಳಿಗೆ ಪಟ್ಟಿ ಮಾಡುವ ಚಟ. ಡೀಪ್ ಪರ್ಪಲ್‌ನ ಹತ್ತು ಹಾಡು, ಲೆಡ್ ಝೆಪ್ಪೆಲಿನ್‌ನ ಇಪ್ಪತ್ತು, ಯಾವುದು ಮೇಲೆ ಯಾವುದು ಕೆಳಗೆ ಎಂಬ ವಾದ ಬೆಳಗಿನ ತನಕ ನಡೆದರೂ ಅವರಿಗೆ ದಣಿವಿಲ್ಲ. ಕನ್ನಡದ ಅಭಿಮಾನಿ ತನ್ನ ಭಾಷೆಯ ಪಟ್ಟಿ ಮಾಡಲು ಕೂತರೆ ಮಾತ್ರ ಒಂದು ತಮಾಷೆ ಆಗುತ್ತದೆ. 1889ರಲ್ಲಿ ತೀರಿಕೊಂಡ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫ ಸಾಹೇಬರು ಬಂದು ಮೇಲಿನ ಸಾಲಿನಲ್ಲೇ ಕೂತುಬಿಡುತ್ತಾರೆ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡ 2008ರ ತನ್ನ ಮೊದಲ ಆಲ್ಬಮ್ಮಿಗೆ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡನ್ನೂ ತೆಗೆದುಕೊಂಡಿತು. 2013ರ ‘ಜಗ್ ಚಂಗಾ’ಕ್ಕೆ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಬಂದವು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿದ ಹಾಡುಗಾರನ ಈ ತಂಡವನ್ನು ಅಪ್ಪಟ ಹಾರ್ಡ್ ರಾಕ್ ಎನ್ನಲಾಗದು, ಜಾನಪದ ರಾಕ್ ಎನ್ನಬೇಕು. ಆದರೂ ಕನ್ನಡದ ಹುಡುಗರು ಗಿಟಾರಿನ ಜೊತೆ ಗಂಟಲು ಹರಿಯುವಂತೆ ಕೂಗಲು ಕಲಿತದ್ದು ಬಹುಮಟ್ಟಿಗೆ ಈ ಪದಗಳಿಂದಲೇ. ರಾಕ್‌ನವರು ಶರೀಫರನ್ನು ಗದ್ದಲಕ್ಕೆ ಎಳೆದರು ಎಂಬುದು ಹಿರಿಯರ ದೂರು. ನಮ್ಮ ದೂರು ಅದಕ್ಕೆ ತದ್ವಿರುದ್ಧ. ಅವರು ಸಾಕಷ್ಟು ಗದ್ದಲ ಮಾಡಲಿಲ್ಲ. ಆರಿಸಿಕೊಳ್ಳುವಾಗಲಂತೂ ತೀರ ಸಂಭಾವಿತರಾದರು.

ಹಿರಿಯರ ದೂರನ್ನು ಮೊದಲು ನೋಡೋಣ. ತತ್ವಪದ ಎಂದರೆ ಏಕತಾರಿ, ದಮ್ಮಡಿ, ತಾಳಗಳ ನಡುವೆ ಮೆಲ್ಲಗೆ ಹಾಡಬೇಕಾದ್ದು, ಡ್ರಮ್ಸ್ ಬಡಿದರೆ ಅರ್ಥ ಓಡಿಹೋಗುತ್ತದೆ ಎನ್ನುತ್ತಾರೆ. ಆದರೆ ಶರೀಫರ ಪದಗಳಿಗೆ ‘ಇದೇ ಮೂಲ ಮಟ್ಟು’ ಎಂದು ಬೆರಳಿಟ್ಟು ತೋರಿಸುವ ದಾಖಲೆ ಎಲ್ಲಿದೆ? ಅವು ಬಾಯಿಂದ ಬಾಯಿಗೆ ಬಂದವು; ಊರಿಗೊಂದು ಭಜನಾ ಮೇಳ, ಮೇಳಕ್ಕೊಂದು ಧಾಟಿ. ಹಾನಗಲ್ ಸೀಮೆಯವರಿಗಂತೂ ಈ ಆಕ್ಷೇಪ ಎತ್ತುವ ಹಕ್ಕೇ ಇಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಬೆಳೆಸಿದ, ಅದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿ ಕಲಿತು, ಹನ್ನೆರಡನೆಯ ಶತಮಾನದ ವಚನಗಳನ್ನು ರಾಗಕ್ಕೆ ಕೂರಿಸಿ ಹಾಡಿದರು. ಬಸವಣ್ಣನವರ ಕಾಲದಲ್ಲಿ ಖ್ಯಾಲ್ ಗಾಯಕಿ ಇರಲಿಲ್ಲ. ಅದನ್ನು ಅಪಚಾರ ಎಂದವರಿಲ್ಲ, ಇವತ್ತು ಅದೇ ಸಂಪ್ರದಾಯ. ಹಿರೇಕೆರೂರು ತಾಲ್ಲೂಕಿನವರು ನಮ್ಮವನೆಂದು ಹೆಮ್ಮೆಪಡುವ ಸರ್ವಜ್ಞನ ತ್ರಿಪದಿಯನ್ನು ಬೀಸುಕಲ್ಲಿನ ಮುಂದೆ ಕೂತವರೂ ಹೇಳಿದರು, ಹರಿಕಥೆದಾಸರೂ ಹೇಳಿದರು. ನುಡಿ ಒಂದಿದ್ದು ಮಟ್ಟು ನೂರಾಗುವುದು ಈ ನೆಲದ ವಾಡಿಕೆ.

ಇನ್ನು ಗದ್ದಲ. ಪಲ್ಲವಿಯನ್ನು ಮುಂದಿನವ ಎತ್ತುವುದು, ಹಿಮ್ಮೇಳ ಅದನ್ನೇ ಎಳೆದು ಏರಿಸುವುದು, ಮತ್ತೆ ಮತ್ತೆ ಅದೇ ಸಾಲಿಗೆ ಮರಳಿ ಬೀಳುವುದು ಭಜನೆಯ ಕಟ್ಟು. ರಾಕ್‌ನಲ್ಲಿ ಗಿಟಾರಿನ ‘ರಿಫ್’ ಮಾಡುವ ಕೆಲಸವೂ ಇಷ್ಟೇ. ಸವಾಲು ಜವಾಬು ಬೇಕೇ? ಉತ್ತರ ಕರ್ನಾಟಕದ ಕಲ್ಗಿ ತುರಾಯಿ ಮೇಳಗಳು ರಾತ್ರಿಯಿಡೀ ಮಾಡಿದ್ದು ಅದನ್ನೇ. 1972ರಲ್ಲಿ ಡೀಪ್ ಪರ್ಪಲ್ ಜಪಾನಿನ ವೇದಿಕೆಗಳಲ್ಲಿ ಧ್ವನಿಮುದ್ರಿಸಿಕೊಂಡ ಆಲ್ಬಮ್ಮಿನಲ್ಲಿ ಇಯಾನ್ ಗಿಲ್ಲನ್‌ನ ಗಂಟಲು, ರಿಚಿ ಬ್ಲ್ಯಾಕ್‌ಮೋರ್‌ನ ಗಿಟಾರು ಒಂದನ್ನೊಂದು ಕೆಣಕುವ ಭಾಗವಿದೆ. ಲಾವಣಿ ಕೇಳಿ ಬೆಳೆದ ಕಿವಿಗೆ ಅದರಲ್ಲಿ ಹೊಸದೇನೂ ಕಾಣದು. ರಾಕ್‌ನ ಬೇರೂ ಹಳ್ಳಿಗಾಡಿನದೇ. ಲೆಡ್ ಝೆಪ್ಪೆಲಿನ್ 1971ರ ತನ್ನ ನಾಲ್ಕನೆಯ ಆಲ್ಬಮ್ಮನ್ನು ಮುಗಿಸುವ ‘ವೆನ್ ದಿ ಲೆವೀ ಬ್ರೇಕ್ಸ್’ ಎಂಬ ಹಾಡನ್ನು 1929ರಲ್ಲೇ ಕಾನ್ಸಾಸ್ ಜೋ ಮೆಕಾಯ್, ಮೆಂಫಿಸ್ ಮಿನ್ನಿ ಎಂಬ ಕರಿಯ ಗಾಯಕ ದಂಪತಿ ಮುದ್ರಿಸಿದ್ದರು. 1927ರ ಮಿಸಿಸಿಪ್ಪಿ ಮಹಾಪೂರದ ನೆನಪಿನ ಹಾಡದು. ಒಡ್ಡು ಒಡೆದು ಮನೆ ಮಠ ಹೋದವರ ಸಂಕಟ. ಆಲ್ಬಮ್ಮಿನ ಮೇಲೆ ಮೆಂಫಿಸ್ ಮಿನ್ನಿಯ ಹೆಸರು ಅಚ್ಚಾಯಿತು. ಅದನ್ನು ಕಂಡು ಎಷ್ಟೋ ಅಭಿಮಾನಿಗಳು ಹಿಂದಕ್ಕೆ ಹೋಗಿ ಆಕೆಯ ಹಳೆಯ ತಟ್ಟೆಗಳನ್ನು ಹುಡುಕಿದರು. ಶರೀಫರಿಗೆ ಆ ಚಿಂತೆ ಇಲ್ಲ, ಅವರ ಹೆಸರು ಕೊನೆಯ ನುಡಿಯ ಅಂಕಿತದಲ್ಲಿ ಶಿಶುನಾಳಧೀಶನ ರೂಪದಲ್ಲಿ ಕೂತಿದೆ. ಹಾಡುವವರು ಪಲ್ಲವಿಯ ಗುಂಗಿನಲ್ಲಿ ಆ ನುಡಿಯನ್ನು ನುಂಗದಿದ್ದರೆ ಸಾಕು.

ಹಾಗಾದರೆ ನಮ್ಮ ತಕರಾರೇನು? ಮೇಲಿನ ನಾಲ್ಕು ಪದಗಳನ್ನು ಮತ್ತೊಮ್ಮೆ ನೋಡಿ. ಸೋರುವ ಮಾಳಿಗೆ, ಹುಕ್ಕಾ, ಕೋತಿಯನ್ನು ನುಂಗಿದ ಕೋಳಿ: ಮೇಲ್ನೋಟಕ್ಕೆ ಮನೆವಾರ್ತೆ ಅಥವಾ ನಗೆ, ಒಳಗೆ ದೇಹ, ಗುರು, ಅರಿವು. ಅಲ್ಲಮನಿಂದ ಬಂದ ಬೆಡಗಿನ ದಾರಿ ಅದು. ಕನ್ನಡ ಬಾರದವರನ್ನೂ ಕುಣಿಸುವ ಪಲ್ಲವಿ ಇರುವುದರಿಂದ ತಂಡಗಳಿಗೆ ಅವು ಒಗ್ಗಿದವು, ಅದರಲ್ಲಿ ತಪ್ಪಿಲ್ಲ. ಆದರೆ ಈ ಆಯ್ಕೆ ರಾಕ್‌ನವರದ್ದೇ ಅಲ್ಲ. ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಸುಗಮ ಸಂಗೀತದ ಕ್ಯಾಸೆಟ್ಟುಗಳು, ಆಮೇಲೆ 1990ರಲ್ಲಿ ತೆರೆಕಂಡ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಮನೆಮನೆಗೆ ಮುಟ್ಟಿಸಿದ ಪದಗಳೇ ಇವು. ಅಶ್ವತ್ಥರು ಮಾಡಿದ್ದು ಸಣ್ಣ ಕೆಲಸವಲ್ಲ. ಅವರ ಆ ಎತ್ತರದ, ಒಡಕಿನ ಅಂಚಿಗೆ ಹೋಗಿ ನಿಲ್ಲುವ ದನಿ ಇಲ್ಲದಿದ್ದರೆ ಬೆಂಗಳೂರು ಮೈಸೂರಿನವರಿಗೆ ಶಿಶುನಾಳ ಯಾವ ದಿಕ್ಕಿಗಿದೆ ಎಂದೂ ತಿಳಿಯುತ್ತಿರಲಿಲ್ಲ. (ನಮ್ಮ ಮಟ್ಟಿಗೆ ಕನ್ನಡದ ಮೊದಲ ರಾಕ್ ಗಾಯಕ ಅವರೇ.) ಆದರೆ ಅಪ್ಪನ ಕ್ಯಾಸೆಟ್ಟಿನ ಪಟ್ಟಿಯನ್ನೇ ಮಗ ಗಿಟಾರಿಗೆ ಇಳಿಸಿದರೆ ಅದನ್ನು ಬಂಡಾಯ ಎನ್ನುವುದು ಹೇಗೆ?

ಬಿಟ್ಟುಹೋದದ್ದು ಯಾವುದು ಎಂದು ಹುಡುಕಿದಾಗ ವಿಚಿತ್ರ ಗೊತ್ತಾಗುತ್ತದೆ. ಶರೀಫರ ಪದಸಂಗ್ರಹಗಳಲ್ಲಿ ಮೊಹರಂನ ರಿವಾಯತ ಪದಗಳಿವೆ. ಕರ್ಬಲಾದ ಕಾಳಗ, ನೀರಿಲ್ಲದೆ ಬಾಯಾರಿ ಸತ್ತವರು, ಹಸನ್ ಹುಸೇನರ ಶೋಕ ಅವುಗಳ ವಸ್ತು. ಸವಣೂರು ನವಾಬರ ಸೀಮೆಯಲ್ಲಿ, ಅದರ ಸುತ್ತಲ ಹಳ್ಳಿಗಳಲ್ಲಿ ಅಲಾವಿ ಹಬ್ಬ ಎಂದು ಕರೆಯುವ ಈ ಮೊಹರಂ ಬರೀ ಮುಸಲ್ಮಾನರದ್ದಲ್ಲ. ಲಿಂಗಾಯತರು, ಕುರುಬರು, ಬೇಡರು ಕೂಡಿಯೇ ಪಂಜಾ ಹೊರುತ್ತಾರೆ, ಕುಣಿಯ ಸುತ್ತ ಕುಣಿಯುತ್ತಾರೆ. ಅಲ್ಲಿ ಹೆಜ್ಜೆಮೇಳ ನಿಂತು ಹಾಡುವುದು ಹಲಗೆಯ ಬಡಿತಕ್ಕೆ; ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಸುತ್ತು ಕಟ್ಟಿ, ಕಾಲು ನೆಲಕ್ಕೆ ಅಪ್ಪಳಿಸಿ ತಿರುಗಿ ಹಾಡುತ್ತಾರೆ. ಯುದ್ಧ, ಸಾವು, ದ್ರೋಹ, ಬೆಂಕಿ, ಎದೆಗೆ ಗುದ್ದುವ ತಾಳ: 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಟಿಕೆಟ್ಟು ಕೊಂಡು ನುಗ್ಗಿದ ಹುಡುಗರು ಬಯಸಿದ್ದು ಇದನ್ನೇ ಅಲ್ಲವೆ? ಶರೀಫರಲ್ಲಿ ಅತ್ಯಂತ ಗಡಸಾದ ರಾಕ್ ಇರುವುದು ಈ ಪದಗಳಲ್ಲಿ. ಅಭಿಮಾನಿಯ ಪಟ್ಟಿಯಲ್ಲಿ ಅದಕ್ಕೇ ಜಾಗವಿಲ್ಲ.

ಅಭಿಮಾನಿ ಹೇಳಬಹುದು: ಪಟ್ಟಿ ನನ್ನ ರುಚಿ, ಅದು ವಿಶ್ವವಿದ್ಯಾಲಯದ ಸಂಪುಟವಲ್ಲ, ಎಲ್ಲವನ್ನೂ ಸೇರಿಸಲು ನಾನೇನು ಸಂಪಾದಕನೇ? ಹೌದು, ಇವತ್ತು ಅವನೇ ಸಂಪಾದಕ. ಸಂಗ್ರಹದ ಪುಸ್ತಕ ಬಿಡಿಸಿ ನೋಡುವವರಿಗಿಂತ ಹತ್ತು ಹಾಡಿನ ಪಟ್ಟಿ ಹಿಡಿದು ಶರೀಫರನ್ನು ಬಲ್ಲವರು ಎಷ್ಟೋ ಪಾಲು ಹೆಚ್ಚು. ಹತ್ತರ ಹೊರಗಿದ್ದದ್ದು ಹಾಡುವವರಿಲ್ಲದೆ ಸೊರಗುತ್ತದೆ. ಎರಡನೆಯ ಆಕ್ಷೇಪ ಇದಕ್ಕಿಂತ ಭಾರದ್ದು. ರಿವಾಯತ ಪದ ಶೋಕಾಚರಣೆಗೆ ಸೇರಿದ್ದು, ಅದನ್ನು ಟಿಕೆಟ್ಟಿನ ವೇದಿಕೆಗೆ ತರುವುದು ಸಲ್ಲದು ಎಂಬುದು. ಈ ಮಾತಿಗೆ ತೂಕವಿದೆ. ಹಬ್ಬದ ದಿನದ ಆಚರಣೆಯನ್ನು ಯಾರೂ ಕಿತ್ತು ತರಬೇಕಿಲ್ಲ. ಆದರೆ ದೇಹವನ್ನೇ ಗುಡಿಯೆಂದು ತೋರಿಸುವ ಪದ, ಗುರುವಿಗೆ ಶರಣಾಗುವ ಪದ ಕೂಡ ಭಕ್ತಿಯ ಪದಗಳೇ; ಅವನ್ನು ವೇದಿಕೆಗೆ ತಂದಾಗ ಯಾರೂ ಸಲ್ಲದು ಎನ್ನಲಿಲ್ಲ. ಹುಲಗೂರಿನ ಖಾದರಲಿಂಗನ ಗದ್ದುಗೆಗೆ ನಡೆದುಕೊಳ್ಳುವ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರ ಕಾಲು ಹಿಡಿದ ಮನುಷ್ಯನ ಅರ್ಧ ಮುಖವನ್ನಷ್ಟೇ ತೆರೆಯ ಮೇಲೂ ವೇದಿಕೆಯ ಮೇಲೂ ತೋರಿಸುತ್ತ ಹೋಗುವುದು ಸಂಕೋಚವೋ ಜಾಣತನವೋ ಹೇಳುವುದು ಕಷ್ಟ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಶಿಶುನಾಳಕ್ಕೆ ಅಲ್ಲಿಂದ ದೂರವೇನಿಲ್ಲ. ಹೆಜ್ಜೆಮೇಳದ ಹಿರಿಯರು ಸುತ್ತಲಿನ ಊರುಗಳಲ್ಲಿ ಇನ್ನೂ ಹಾಡುತ್ತಾರೆ. ಯಾವುದಾದರೂ ತಂಡ ಒಂದು ಮೊಹರಂ ಕಾಲಕ್ಕೆ ಗಿಟಾರು ಮನೆಯಲ್ಲಿಟ್ಟು, ಅವರೊಡನೆ ಕೂತು ಹಲಗೆಯ ಪೆಟ್ಟು ಕಲಿತು ಬಂದರೆ, ಅವರು ಹಾಡಿ ಎಂದದ್ದನ್ನು ಮಾತ್ರ ಹಾಡಿದರೆ, ಮುಂದಿನ ಪಟ್ಟಿಯ ಮೊದಲ ಸಾಲಿಗೆ ಏನು ಬರಬೇಕೆಂದು ನಾವು ಜಗಳಕ್ಕೆ ತಯಾರು.