ಅಗ್ಗದ ವೈರಿಂಗು, ದುಬಾರಿ ಬೆಂಕಿ



ರಾಗಿ ಒಕ್ಕಣೆ ಮುಗಿದಿದೆ. ಹುಲ್ಲು ಬಣವೆ ಸೇರಿದೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಈ ದಿನಗಳಲ್ಲೇ ಹಳ್ಳಿಗಳಲ್ಲಿ ಮನೆ ರಿಪೇರಿ ನಡೆಯುವುದು. ಕೊಟ್ಟಿಗೆಗೊಂದು ದೀಪ, ಬಚ್ಚಲಿಗೆ ಹೀಟರು, ಹಿತ್ತಲಿಗೆ ಮೋಟಾರು, ಎಲ್ಲಕ್ಕೂ ಊರಿನ ವೈರಿಂಗ್ ಹುಡುಗನಿಗೇ ಹೇಳಿ ಕಳಿಸುತ್ತೇವೆ. ಬಿಸಿಲೇರಿ ಎಲ್ಲವೂ ಒಣಗಿ ನಿಲ್ಲುವ ಕಾಲವೂ ಇದೇ. ಆದ್ದರಿಂದ ಈ ವಾರ ಬೆಳೆಯ ಮಾತು ಬಿಟ್ಟು ಮನೆಯ ಮಾತು.

ಊರಿನ ಹುಡುಗನಿಗೆ ಕೆಲಸ ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ಕರೆದೊಡನೆ ಬರುವವನು ಅವನೇ. ನಾಳೆ ಕೆಟ್ಟರೆ ಸರಿಪಡಿಸುವವನೂ ಅವನೇ. ಆದರೆ ಎಷ್ಟೋ ಸಲ ಕೆಲಸ ಕೆಡುವುದು ಅವನ ಕೈಯಿಂದಲ್ಲ, ಯಜಮಾನನ ಬಾಯಿಂದ. "ಹೊಸ ವೈರು ಯಾಕಪ್ಪ, ಇದ್ದುದಕ್ಕೇ ಜಾಯಿಂಟ್ ಹಾಕು", "ಫ್ಯೂಸು ದಿನಾ ಹೋಗುತ್ತೆ, ದಪ್ಪ ತಂತಿ ಸುತ್ತಿಬಿಡು" ಎನ್ನುವವರು ನಾವೇ ಅಲ್ಲವೇ?

ದಪ್ಪ ತಂತಿಯ ಅಪಾಯವನ್ನು ತಿಳಿಯಿರಿ. 2000 ವ್ಯಾಟಿನ ಹೀಟರು ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ದೀಪಕ್ಕೆಂದು ಹಾಕಿದ ಹಳೆಯ ಸಣ್ಣ ವೈರಿನಲ್ಲಿ ಅಷ್ಟು ಹರಿದರೆ ವೈರು ಕಾಯುತ್ತದೆ. ಸಡಿಲ ಜಾಯಿಂಟು ಇನ್ನೂ ಹೆಚ್ಚು ಕಾಯುತ್ತದೆ. ವಿದ್ಯುತ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಆಗ ಫ್ಯೂಸು ಕರಗಿ ಮನೆ ಉಳಿಸಬೇಕು. ಅದಕ್ಕೆ ದಪ್ಪ ತಂತಿ ಸುತ್ತಿದರೆ ಅದು ಕರಗದು. ಅಟ್ಟದ ಮೇಲಿನ ವೈರು ಸುಡುತ್ತದೆ. ಅಟ್ಟದಲ್ಲಿ ಇರುವುದಾದರೂ ಏನು? ಸೌದೆ, ತೆಂಗಿನ ಮಟ್ಟೆ, ಗೋಣಿಚೀಲ! ಫ್ಯೂಸು ಹೋಗುವುದು ರೋಗವಲ್ಲ, ರೋಗದ ಲಕ್ಷಣ.

ಕೆಲಸ ಒಪ್ಪಿಸುವಾಗ ಈ ಐದು ಮಾತು ನೆನಪಿರಲಿ:

1. ವೈರ್‌ಮನ್ ಪರ್ಮಿಟ್ ಇದೆಯೇ ಕೇಳಿ. ಇಲ್ಲವಾದರೆ ಲೈಸೆನ್ಸ್ ಪಡೆದ ಗುತ್ತಿಗೆದಾರರ ಕೈಕೆಳಗೆ ಮಾಡಲಿ. ನೆಂಟನಾದರೂ ಕೇಳಲು ಸಂಕೋಚ ಬೇಡ.

2. ಐ.ಎಸ್.ಐ. ಗುರುತಿನ ತಾಮ್ರದ ವೈರನ್ನೇ ತನ್ನಿ. ದೀಪಗಳಿಗೆ 1.5, ಹೀಟರಿಗೆ ಕನಿಷ್ಠ 2.5 ಚದರ ಮಿಲಿಮೀಟರಿನದು ಬೇಕು. ಅಂಗಡಿಯ ರಸೀದಿ ಇಟ್ಟುಕೊಳ್ಳಿ.

3. ಅರ್ಥಿಂಗ್ ಇಲ್ಲದೆ ಹೀಟರು, ಮೋಟಾರು ಹಾಕಿಸಬೇಡಿ. ವಿದ್ಯುತ್ ಸೋರಿದೊಡನೆ ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯನ್ನೂ ಕೂಡಿಸಿ.

4. ಮೇನ್ ಸ್ವಿಚ್ ಆರಿಸಿಯೇ ಕೆಲಸ ಹಿಡಿಯಲಿ. ಹುಡುಗನನ್ನು ಕಂಬ ಹತ್ತಿಸಬೇಡಿ. ಅದು ಲೈನ್‌ಮನ್ ಕೆಲಸ. ಅವನಿಗೂ ಮನೆಯಲ್ಲಿ ತಾಯಿಯಿದ್ದಾಳೆ.

5. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಹಚ್ಚಿ ಅರ್ಧ ಗಂಟೆ ಬಿಡಿ. ಸ್ವಿಚ್ಚು, ಪ್ಲಗ್ಗು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಮೇನ್ ಆರಿಸಿ ಸರಿಪಡಿಸಿದ ಮೇಲೆಯೇ ಕೂಲಿಯ ಲೆಕ್ಕ ಮುಗಿಸಿ.

ಬೆಂಕಿಗೆ ವೈರೊಂದೇ ದಾರಿಯಲ್ಲ. ಬಣವೆಯನ್ನು ವಿದ್ಯುತ್ ತಂತಿಯ ಕೆಳಗಾಗಲಿ, ಮನೆಯ ಗೋಡೆಗೆ ಒತ್ತಿಯಾಗಲಿ ಒಟ್ಟಬೇಡಿ. ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕಿದ ಹೊಗೆಯನ್ನು ಆರಿಸಿಯೇ ಮಲಗಿ. ದನಗಳನ್ನು ಎಳೆದರೆ ಬಿಚ್ಚುವ ಗಂಟಿನಿಂದ ಕಟ್ಟಿ. ಬಿಗಿದ ಗಂಟಿನಲ್ಲಿ ಸಿಕ್ಕ ಮೂಕಪ್ರಾಣಿ ನಿಂತಲ್ಲೇ ಬೇಯುತ್ತದೆ. ಗ್ಯಾಸ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ವೈರಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಮೇನ್ ಆರಿಸಿ ಒಣ ಮರಳು ಹಾಕಿ. ಮೊದಲು ಜನ ಹೊರಗೆ ಬರಲಿ, ಪೆಟ್ಟಿಗೆ ಪಾತ್ರೆ ಆಮೇಲೆ. 101 ಅಥವಾ 112ಕ್ಕೆ ತಿಳಿಸಿ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಒಯ್ಯಿರಿ. ಪೇಸ್ಟು, ಶಾಯಿ ಬಳಿಯಬೇಡಿ.

ಕೊನೆಯದಾಗಿ ಒಂದು ಸಲಹೆ. ಸುತ್ತಲಿನ ಪರ್ಮಿಟ್ ಪಡೆದ ಕೆಲಸಗಾರರ ಹೆಸರನ್ನು ಗ್ರಾಮ ಪಂಚಾಯಿತಿಯವರು ಬರೆಸಿ ಈ ವಾಚನಾಲಯದ ಗೋಡೆಗೆ ಹಾಕಿಸಲಿ. ಪರ್ಮಿಟ್ ಇಲ್ಲದ ಹುಡುಗರಿಗೆ ಅದನ್ನು ಪಡೆಯುವ ಹುರುಪೂ ಬಂದೀತು. ಚೆನ್ನಾಗಿ ಮಾಡಿದವನಿಗೆ ಕೂಲಿಯಲ್ಲಿ ಚೌಕಾಸಿ ಬೇಡ. ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ, ಇಂದೇ ಹೋಗಿ ನಿಮ್ಮ ಮನೆಯ ಫ್ಯೂಸಿನಲ್ಲಿ ಎಂಥ ತಂತಿಯಿದೆಯೆಂದು ನೋಡಬೇಕೆಂಬುದೇ ನಮ್ಮ ಕೋರಿಕೆ. ಆದರೆ ಮೇನ್ ಆರಿಸಿ ನೋಡಿ!