ಕರೆಂಟು ತಿನ್ನುವ ತಂತಿ ಯಾವುದು?

ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ಪಂಚನಹಳ್ಳಿಯ ಮನೆಯ ಮೆಸ್ಕಾಂ ಬಿಲ್ಲನ್ನು ಫೋನಿನಲ್ಲೇ ಕಟ್ಟುವ ಗೆಳೆಯರೇ, ಆ ಬಿಲ್ಲಿನಲ್ಲಿ ಇರುವುದು ಒಟ್ಟು ಯೂನಿಟ್ ಮಾತ್ರ. ತಿಂದದ್ದು ಗೀಸರೋ, ಫ್ರಿಜ್ಜೋ, ಮನೆಗೆ ನೀರೆತ್ತುವ ಮೋಟಾರೋ? ಹೇಳುವವರು ಯಾರು?

2023ರ ಜುಲೈನಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಇದು ಚಿಲ್ಲರೆ ಪ್ರಶ್ನೆಯಲ್ಲ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ನಂಬಿದವರಿದ್ದಾರೆ. ತಪ್ಪು! 2022-23ರ ಸರಾಸರಿ ಬಳಕೆ 80 ಇದ್ದ ಮನೆಗೆ ಶೇ. 10 ಸೇರಿಸಿ ಸಿಕ್ಕಿದ್ದು 88. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. 2000 ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 9 ವಾಟಿನ ಎಲ್‌ಇಡಿ ಬಲ್ಬು ಅದೇ ಯೂನಿಟ್ಟಿನಲ್ಲಿ 111 ಗಂಟೆ ಉರಿಯುತ್ತದೆ. ಹೀಗಿರುವಾಗ ಹಜಾರದ ದೀಪ ಆರಿಸಲಿಲ್ಲವೆಂದು ಅಮ್ಮನನ್ನು ಗದರುವುದು ಯಾವ ನ್ಯಾಯ?

ಇದಕ್ಕೆಂದೇ ಮಾನಿಟರ್‌ಗಳು ಬಂದಿವೆ. ಪ್ರತಿ ಸರ್ಕ್ಯೂಟಿನ ಫೇಸ್ ತಂತಿಗೆ ಬಳೆಯಂಥ ಒಂದು ಕ್ಲ್ಯಾಂಪ್ ತೊಡಿಸಿದರೆ ಹರಿಯುವ ಕರೆಂಟನ್ನು ಅದು ಅಳೆಯುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಂದೇ ಬಳೆಯೊಳಗೆ ತೂರಿಸಿದಿರೋ, ಲೆಕ್ಕ ಸೊನ್ನೆ!

ಕೊಳ್ಳುವಾಗ ಮೊದಲು ಕೇಳಬೇಕಾದ್ದು: ವೋಲ್ಟೇಜನ್ನೂ ಅಳೆಯುತ್ತದೆಯೇ? ಬರೀ ಆಂಪಿಯರ್ ನೋಡಿ 230ರಿಂದ ಗುಣಿಸುವ ಅಗ್ಗದ ಪೆಟ್ಟಿಗೆ ಮೋಟಾರಿನ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಮೋಟಾರಿನ ಪವರ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆ. ಹಳ್ಳಿಯ ವೋಲ್ಟೇಜು 230ರಲ್ಲೇ ನಿಲ್ಲುವುದೂ ಇಲ್ಲ. ತ್ರೀ ಫೇಸ್ ಮನೆಯಾದರೆ ಮೂರೂ ಫೇಸಿನ ವೋಲ್ಟೇಜ್ ನೋಡುವಂಥದ್ದೇ ಬೇಕು. ಅಮೆರಿಕದ 120/240 ವೋಲ್ಟ್ ಮನೆಗಳಿಗೆಂದು ಮಾಡಿದ್ದನ್ನು ಹೊಗಳಿಕೆ ಓದಿ ತರಿಸಬೇಡಿ. ಇಂಟರ್‌ನೆಟ್ ಹೋದರೆ ಕುರುಡಾಗುವಂಥದ್ದೂ ಬೇಡ. ಲೆಕ್ಕ ತನ್ನೊಳಗೇ ಉಳಿಸಿಕೊಳ್ಳುವಂತಿರಲಿ. ಹದಿನಾರು ಕ್ಲ್ಯಾಂಪಿನ ಆಡಂಬರವೇಕೆ? ಒಟ್ಟು ಲೈನು, ಗೀಸರ್, ಮೋಟಾರ್, ಅಡುಗೆಮನೆ. ನಾಲ್ಕು ಸಾಕು. ಅನುಮಾನ ಫ್ರಿಜ್ಜಿನ ಮೇಲೊಂದೇ ಇದ್ದರೆ ಪ್ಲಗ್ಗಿಗೆ ಸಿಕ್ಕಿಸುವ ಮೀಟರೇ ಧಾರಾಳವಾಯಿತು.

ಆದರೆ ಸಾಧನಕ್ಕಿಂತ ಮೊದಲು ಗೋಡೆ ನೋಡಿ. ಹಳೆಯ ಮನೆಯಲ್ಲಿ ಇಡೀ ಸಂಸಾರ ಎರಡು ಫ್ಯೂಸಿನ ಮೇಲೆ ನಿಂತಿರುತ್ತದೆ. ಗೀಸರೂ ದೀಪವೂ ಒಂದೇ ತಂತಿಯಲ್ಲಿದ್ದರೆ ಯಾವ ಮಾನಿಟರ್ ತಾನೇ ಬೇರ್ಪಡಿಸೀತು? ಮೊದಲ ದುಡ್ಡು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೆ ಹೋಗಲಿ: ಸರಿಯಾದ ಅರ್ಥಿಂಗ್, ಆರ್‌ಸಿಸಿಬಿ, ಬೇರೆ ಬೇರೆ ಎಂಸಿಬಿ. ಪಿಝಡ್‌ಇಎಂ-004ಟಿಯಂಥ ಅಗ್ಗದ ಬಿಡಿ ಬೋರ್ಡನ್ನು ಇಂಜಿನಿಯರಿಂಗ್ ಹುಡುಗರು ಪ್ರಯೋಗಕ್ಕೆ ಇಟ್ಟುಕೊಳ್ಳಲಿ. ವೋಲ್ಟ್, ವಾಟ್, ಯೂನಿಟ್ ಎಲ್ಲವನ್ನೂ ತೋರಿಸುತ್ತದೆ, ನಿಜ. ಆದರೆ ಅದರ ಟರ್ಮಿನಲ್‌ಗಳು ಬೆತ್ತಲೆ. ಅಪ್ಪ ಕೈ ಹಾಕುವ ಬೋರ್ಡಿಗೆ ಅದು ಸಲ್ಲದು.

ಇನ್ನು ಪೆಟ್ಟಿಗೆಯೊಳಗಿನ ಕಾಗದ! 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು. ಇಲ್ಲಿ ಮಾರುವ ಸಾಧನದಲ್ಲಿ ‘ಮೇನ್ ಆಫ್ ಮಾಡದೆ ಮುಟ್ಟಬೇಡಿ’ ಎಂಬ ಸಾಲು ಇಂಗ್ಲಿಷಿನಲ್ಲೋ ಚೀನೀ ಭಾಷೆಯಲ್ಲೋ ಇದ್ದರೆ ಅದು ಯಾರ ಜೀವಕ್ಕೆ ಕಾವಲು? ರಾಜ್ಯದಲ್ಲಿ ತಯಾರಾಗುವ ಸರಕಿನ ಬಳಕೆಯ ಸೂಚನೆ ಆದಷ್ಟೂ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಹೊರಗಿನಿಂದ ಬಂದ ಪೆಟ್ಟಿಗೆಗೆ ಮಾರುವವನೇ ಒಂದು ಹಾಳೆ ಅಚ್ಚು ಹಾಕಿಸಿ ಕೊಡಲಿ. ಕೊಡುವುದಿಲ್ಲವೆಂದರೆ ಬೇರೆ ಅಂಗಡಿ ಇದೆ. ಎಂಸಿಬಿಗಳ ಮೇಲೆ ‘ಗೀಸರ್’, ‘ಮೋಟಾರ್’ ಎಂದು ಕನ್ನಡದಲ್ಲಿ ಚೀಟಿ ಅಂಟಿಸುವ ಕೆಲಸ ನಿಮ್ಮದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗಲೇ ಮುಗಿಸಿ.

ಹಾಕಿಸಿದ ಮೊದಲ ತಿಂಗಳು ಮಾನಿಟರಿನ ಒಟ್ಟು ಲೆಕ್ಕವನ್ನು ಮೆಸ್ಕಾಂ ಮೀಟರಿನ ಜೊತೆ ತಾಳೆ ನೋಡಿ. ಬಹಳ ವ್ಯತ್ಯಾಸ ಬಂದರೆ ಜಗಳಕ್ಕೆ ಹೊರಡುವ ಮುನ್ನ ಕ್ಲ್ಯಾಂಪ್ ತಿರುವುಮುರುವಾಗಿದೆಯೇ, ಸರಿಯಾಗಿ ಕಚ್ಚಿಕೊಂಡಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸಿ.