ವೇಷದೊಳಗೆ ಸಿಕ್ಕಿಬಿದ್ದ ಪಿವೇರ್
ಡ್ರೈವರ್ ಸಾಲೊಮೊನ್ ತಾನು ಯಹೂದಿ ಎಂದಾಗ ಮಾಲೀಕ ವಿಕ್ಟರ್ ಪಿವೇರ್‌ನ ಮುಖದಲ್ಲಿ ಮೂಡುವ ಗಾಬರಿಯನ್ನು ನಾನು ಮರೆಯಲಾರೆ. ಆದರೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಆತ ಔದಾರ್ಯ ತೋರುತ್ತಾನಲ್ಲ, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ. ಜೆರಾರ್ ಊರಿ ನಿರ್ದೇಶಿಸಿದ ಫ್ರೆಂಚ್ ಚಿತ್ರ ‘ರಬ್ಬಿ ಜಾಕೋಬ್‌ನ ಸಾಹಸಗಳು’ ತೆರೆಕಂಡದ್ದು 1973ರಲ್ಲಿ. ಮಗಳ ಮದುವೆಗೆ ಹೊರಟ ಕಾರ್ಖಾನೆದಾರ ಪಿವೇರ್ ಕೊಲೆಗಡುಕರ ಕಣ್ಣಿಗೆ ಬೀಳುತ್ತಾನೆ; ಅರಬ್ ಕ್ರಾಂತಿನಾಯಕ ಸ್ಲಿಮಾನ್ ಜೊತೆ ಓಡುತ್ತ, ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದಲ್ಲಿ ಗಡ್ಡ ಅಂಟಿಸಿಕೊಂಡು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆಗುತ್ತಾನೆ. ನ್ಯೂಯಾರ್ಕಿನಿಂದ ಬರಬೇಕಿದ್ದ ಹಿರಿಯ ರಬ್ಬಿ ಜಾಕೋಬ್ ಇವರೇ ಎಂದು ನಂಬಿದ ಯಹೂದಿ ಕುಟುಂಬ ಅವನನ್ನು ಅಪ್ಪಿ, ಮುದ್ದಿಟ್ಟು, ರೋಸಿಯೇ ಬೀದಿಗೆ ಕರೆದೊಯ್ಯುತ್ತದೆ. ಅಲ್ಲಿನ ಕುಣಿತವೇ ಚಿತ್ರದ ಜೀವ. ಸುತ್ತಲಿನವರನ್ನು ಕದ್ದು ನೋಡುತ್ತ ಹೆಜ್ಜೆ ಹಾಕತೊಡಗಿದ ಪಿವೇರ್ ಪಾತ್ರಧಾರಿ ಲೂಯಿ ದ ಫ್ಯುನೆಸ್, ವ್ಲಾದಿಮಿರ್ ಕೋಸ್ಮಾ ಸಂಗೀತ ಏರುತ್ತಿದ್ದಂತೆ, ನಟಿಸುವುದನ್ನೇ ಮರೆತವನಂತೆ ಮೈತುಂಬಿ ಕುಣಿಯುತ್ತಾನೆ. ಪಿವೇರ್ ಬದಲಾಗುವುದು ಯಾರ ಉಪದೇಶದಿಂದಲೂ ಅಲ್ಲ, ಹೀಗೆ ಕಾಲಿನ ಮೂಲಕ. ಉಳಿದ ಓಡಾಟ, ಚೂಯಿಂಗ್ ಗಮ್ ಕಾರ್ಖಾನೆಯ ಹಸಿರು ಅಂಟಿನಲ್ಲಿ ಬಿದ್ದೇಳುವ ಗಲಾಟೆ, ಮಕ್ಕಳಿಗೂ ಇಷ್ಟವಾಗುವಂಥದ್ದು. ಚಿತ್ರ ಬಿಡುಗಡೆಯಾದದ್ದು ಅಕ್ಟೋಬರ್ 18ರಂದು. ಆ ತಿಂಗಳ 6ರಂದು ಶುರುವಾದ ಅರಬ್–ಇಸ್ರೇಲ್ ಯುದ್ಧ ಇನ್ನೂ ನಿಂತಿರಲಿಲ್ಲ. ಫ್ರಾನ್ಸಿನಲ್ಲಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. ಕದನದ ಸುದ್ದಿ ಕೇಳಿಯೇ ಥಿಯೇಟರಿಗೆ ಬಂದವರು ತೆರೆಯ ಮೇಲೆ ಸಾಲೊಮೊನ್ ಮತ್ತು ಸ್ಲಿಮಾನ್ ಕೈ ಕುಲುಕುವುದನ್ನು ನೋಡಿದರು.